ಹದಿನೇಳನೇ ಹಾಳೆ ಹಾರಿದ್ದು

ಹದಿನೇಳನೇ ಹಾಳೆ ಎಲ್ಲಿದೆ ಎಂಬುದು ಆ ಊರಿನಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಎರಡು ದಿನದಿಂದ ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಅದನ್ನು ಹುಡುಕುತ್ತಿದ್ದವನೂ ಅವನೇ. ನೀರು ಸರಬರಾಜು ಕಚೇರಿಯ ನಕ್ಷೆಗಾರ ಏಣಿಯ ತುದಿಯಲ್ಲಿ ನಿಂತು, ರೆಕಾರ್ಡ್ ರೂಮಿನ ಅಟ್ಟದಿಂದ ಹಳೆಯ ನಕ್ಷೆಗಳ ಸುರುಳಿಗಳನ್ನು ಒಂದೊಂದಾಗಿ ಇಳಿಸಿಕೊಡುತ್ತಿದ್ದ. ಕೆಳಗೆ ನಿಂತ ಅಕ್ಕ ಅವನ್ನು ಬಿಚ್ಚಿ, ನಂಬರು ನೋಡಿ, ಒರೆಸಿ, ಮತ್ತೆ ಸುತ್ತಿ ಪಕ್ಕಕ್ಕಿಡುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದಿಂದ ಆ ಕೋಣೆಯನ್ನು ನೋಡಿಕೊಂಡಿದ್ದ ಅವರನ್ನು ಕಚೇರಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು, ಅವರಿಗಿಂತ ದೊಡ್ಡವರು ಸಹ. ಧೂಳು ಎಷ್ಟಿತ್ತೆಂದರೆ, ಮೊದಲ ದಿನ ಅಟ್ಟದ ಮೇಲಿದ್ದ ಪಾರಿವಾಳವೊಂದು ಸೀನಿತು. ಇದನ್ನು ಅವನು ಆ ಮಧ್ಯಾಹ್ನವೇ ನಾಲ್ಕು ಜನಕ್ಕೆ ಹೇಳಿದ್ದ. ನಾಲ್ವರೂ ನಂಬದೆಯೇ ಸಂತೋಷಪಟ್ಟಿದ್ದರು. ಕಚೇರಿಯಲ್ಲಿ ಅವನ ಸುಳ್ಳಿಗೆ ಒಂದು ಮರ್ಯಾದೆಯಿತ್ತು. ಗಾಳಿಪಟದ ದಾರವನ್ನು ಕಿಟಕಿಗೆ ಕಟ್ಟಿ ಕೆಲಸಕ್ಕೆ ಬಂದು, ಸಂಜೆ ಹೋಗಿ ನೋಡಿದರೆ ಪಟ ಇನ್ನೂ ಮೇಲೆಯೇ ಇದ್ದು ಕಿಟಕಿ ಮಾತ್ರ ಇರಲಿಲ್ಲ ಎಂಬ ಅವನ ಕತೆಯನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳಿಸುತ್ತಿದ್ದರು.

"ಹದಿನಾರು," ಎಂದರು ಅಕ್ಕ. "ಇದು ಹದಿನೆಂಟು. ನೋಡಪ್ಪ, ಹದಿನಾರು ಇದೆ, ಹದಿನೆಂಟಿದೆ. ಮಧ್ಯದ್ದಕ್ಕೇನು ಕಾಲು ಬಂತಾ?"

"ರೆಕ್ಕೆ ಬಂದಿರ್ಬೇಕು ಅಕ್ಕ," ಎಂದುಬಿಟ್ಟ.

ಅಕ್ಕ ನಕ್ಕರು. ಅವನೂ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ಮೇಲು, ನಾನು ಯಾರೂ ಕೇಳದಿದ್ದರೂ ಕುಂಬಳಕಾಯಿ ಇಷ್ಟು ದಪ್ಪ ಇತ್ತು ಎಂದು ಕೈ ಅಗಲಿಸಿ ತೋರಿಸುವ ಜಾತಿ ಎಂದುಕೊಂಡ. ಇನ್ನೊಂದು ಸುರುಳಿ ಕೈಗೆ ಬಂತು. ಅದರೊಳಗೆ ಏನಿದೆಯೆಂದು ನೋಡದೆಯೇ ಗೊತ್ತಿತ್ತು. ಏನಿಲ್ಲವೆಂದಂತೂ ಚೆನ್ನಾಗಿಯೇ ಗೊತ್ತಿತ್ತು.

ಕಳೆದ ವರ್ಷ ಇದೇ ಕೋಣೆಯಲ್ಲಿ ಅಕ್ಕ ಹರಿದುಹೋದ ನಕ್ಷೆಗಳನ್ನು ವಿಂಗಡಿಸಿ, "ಇವೆಲ್ಲ ರದ್ದಿ, ಬೇಕಾದ್ರೆ ನೀನೇ ಒಯ್ಯಿ, ಏನೋ ಪಟ ಗಿಟ ಮಾಡ್ತೀಯಂತಲ್ಲ," ಎಂದಿದ್ದರು. ಅವನು ಒಯ್ದ. ಆ ಕಾಲದ ನಕ್ಷೆಗಳನ್ನು ಕಾಗದದ ಮೇಲೆ ಬರೆಯುತ್ತಿರಲಿಲ್ಲ, ಗಂಜಿ ಹಾಕಿ ಮೆರುಗು ಕೊಟ್ಟ ಬಟ್ಟೆಯ ಮೇಲೆ ಬರೆಯುತ್ತಿದ್ದರು. ಈರುಳ್ಳಿ ಸಿಪ್ಪೆಯಷ್ಟು ತೆಳು, ಎಳೆದರೆ ಹರಿಯದು, ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಎಣಿಸಬಹುದು. ಮೂವತ್ತು ವರ್ಷ ಕಾಗದದ ಪಟ ಮಾಡಿ, ಅಂಟಿನಲ್ಲಿ ಬೆರಳು ಬೆಸೆದುಕೊಂಡು, ಬಿದಿರು ಸೀಳುವಾಗ ಉಗುರಿನ ಸಂದಿಗೆ ಸಿಬಿರು ಹೊಕ್ಕಿಸಿಕೊಂಡವನಿಗೆ ಅಂಥ ಬಟ್ಟೆ ಕಂಡರೆ ಏನಾಗಬೇಕೋ ಅದಾಯಿತು. ಆದರೆ ರದ್ದಿಯೆಲ್ಲ ನಿಜವಾಗಿಯೂ ರದ್ದಿ, ಮಡಿಕೆ ಮಡಿಕೆಯಲ್ಲೂ ತೂತು. ಪಕ್ಕದ ಸಾಲಿನಲ್ಲಿ, ರದ್ದಿಯಲ್ಲದ ಸಾಲಿನಲ್ಲಿ, ಹದಿನೇಳನೇ ಹಾಳೆ ಮದುವೆಗೆ ತಯಾರಾದವಳ ಹಾಗೆ ನೆಟ್ಟಗೆ ಕೂತಿತ್ತು. ಅಕ್ಕ ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ಅದು ರದ್ದಿ ಸುರುಳಿಯ ಹೊಟ್ಟೆಯೊಳಗೆ ಸೇರಿತು. ಅಷ್ಟೇ. ಅಕ್ಕ ಬಂದು, "ಹಗ್ಗ ಕೊಡ್ಲಾ, ಕಟ್ಕೊಂಡು ಹೋಗೋಕೆ?" ಎಂದು ಕೇಳಿ, ತಾವೇ ಗಂಟು ಹಾಕಿಕೊಟ್ಟರು. ಈಗ ಏಣಿಯ ಮೇಲೆ ನಿಂತವನಿಗೆ ಕದ್ದದ್ದಕ್ಕಿಂತ ಆ ಗಂಟೇ ಹೆಚ್ಚು ಕಾಡುತ್ತಿತ್ತು.

ಮನೆಯಲ್ಲಿ ಹಾಳೆಯನ್ನು ನೆಲದ ಮೇಲೆ ಹರಡಿದಾಗ ಅದು ಬಾಗಿಲಿನಷ್ಟಿತ್ತು. ಕತ್ತರಿ ಹಾಕಲು ಕೈ ಬರಲಿಲ್ಲ. ಯಾರೋ ಸತ್ತುಹೋದ ನಕ್ಷೆಗಾರ ಒಂದೊಂದು ಗೆರೆಯನ್ನೂ ಉಸಿರು ಬಿಗಿಹಿಡಿದು ಎಳೆದಿದ್ದ. ಆ ಗೆರೆಗಳ ಮುಂದೆ ತನ್ನ ಕೈ ಕೋಳಿ ಕೆದಕಿದ ಹಾಗೆ. ಹಾಗಾಗಿ ಮೂಲೆ ಕತ್ತರಿಸದೆ, ಹಾಳೆ ಇದ್ದಂತೆಯೇ ಆಯತಾಕಾರದ ಪಟ ಮಾಡಿದ. ಕರ್ಣಕ್ಕೆ ಎರಡು ಕಡ್ಡಿ, ನಡುವೆ ಒಂದು ಬೆನ್ನುಕಡ್ಡಿ, ತಲೆಗೆ ಬಿಲ್ಲಿನ ಹಾಗೆ ಬಾಗಿದ ಇನ್ನೊಂದು. ಮಸಿಯ ಗೆರೆಗಳಿರುವ ಮುಖವನ್ನು ಬೆನ್ನ ಕಡೆಗೆ, ಕಡ್ಡಿಗಳ ಕಡೆಗೆ ಹಾಕಿದ, ಎದುರಿನಿಂದ ನೋಡಿದವರಿಗೆ ಬರೀ ಬಿಳಿ ಬಟ್ಟೆ ಕಾಣಲಿ ಎಂದು. ಆಗ ಅದನ್ನು ಅವನು ಸೌಂದರ್ಯದ ವಿಚಾರ ಎಂದುಕೊಂಡಿದ್ದ. ಪಟ ಮಾತ್ರ ಹಾರಲಿಲ್ಲ. ಮೂರು ಭಾನುವಾರ ಅದು ಆಳೆತ್ತರ ಏರಿ, ಕುಡಿದವನ ಹಾಗೆ ಬಲಕ್ಕೆ ವಾಲಿ, ಮೂಗು ಕೆಳಗೆ ಮಾಡಿ ಬಂದು ಬಿತ್ತು. ನಾಲ್ಕನೆಯ ಭಾನುವಾರ ಇದ್ದಕ್ಕಿದ್ದಂತೆ ಎದ್ದು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ಆಕಾಶದಲ್ಲಿ ನಿಂತುಬಿಟ್ಟಿತು. ಬಾಲಂಗೋಚಿ ಸಹ ಬೇಕಾಗಲಿಲ್ಲ. ಅವನು ಏನೂ ಮಾಡಿರಲಿಲ್ಲ. ಅವತ್ತು ಸಂಜೆ ಹೆಂಡತಿಗೆ, "ಕೊನೆಗೂ ಕೈ ಕುದುರಿತು ನೋಡು," ಎಂದಿದ್ದ. ಅವಳು ಬಟ್ಟೆ ಮಡಿಸುತ್ತ, "ಕುದುರದೇ ಏನು, ಮೂವತ್ತು ವರ್ಷಕ್ಕೆ ಕಲ್ಲೂ ಕುದುರುತ್ತೆ," ಎಂದಿದ್ದಳು.

ಪೈಪು ಒಡೆದದ್ದು ಮೊನ್ನೆ ಬೆಳಿಗ್ಗೆ, ಕ್ಷೌರದಂಗಡಿಯ ಬೀದಿಯ ತುದಿಯಲ್ಲಿ. ನೀರು ಎರಡಾಳೆತ್ತರ ಚಿಮ್ಮಿ, ಎದುರು ಮನೆಯ ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದವನಿಗೆ ಅಲ್ಲಿಯೇ ಸ್ನಾನವಾಯಿತು. ಒಡೆದ ತುಂಡಿಗೆ ಹೋಗುವ ನೀರನ್ನಷ್ಟೇ ಬಂದ್ ಮಾಡಲು ಅದೇ ಬೀದಿಯಲ್ಲಿ ಒಂದು ವಾಲ್ವ್ ಇತ್ತು. ಆದರೆ ಅದರ ಮುಚ್ಚಳದ ಮೇಲೆ ನಾಲ್ಕು ಸಲ ಟಾರು ಬಿದ್ದು, ಅದು ಎಲ್ಲಿದೆಯೆಂದು ಈಗ ಭೂಮಿಗೂ ಹದಿನೇಳನೇ ಹಾಳೆಗೂ ಮಾತ್ರ ಗೊತ್ತಿತ್ತು. ನಕ್ಷೆಯ ನೀಲಿ ಪ್ರತಿಗಳನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು. ವಾಲ್ವ್ ಸಿಗದ್ದರಿಂದ ಇಡೀ ಊರಿನ ನೀರನ್ನೇ ನಿಲ್ಲಿಸಿದ್ದರು. ಮೊನ್ನೆಯೇ ಹೇಳಬಹುದಿತ್ತು. ಮೊನ್ನೆ ಹೇಳಿದ್ದರೆ ಒಂದು ದಿನದ ತಪ್ಪು; ನಿನ್ನೆ ಹೇಳಿದ್ದರೆ ಎರಡು ದಿನದ್ದು. ಇವತ್ತಿಗೆ ಅದು ಬಡ್ಡಿ ಬೆಳೆದು ಬಾಯೊಳಗೆ ಹಿಡಿಸದಷ್ಟು ಆಗಿತ್ತು. ಅದಲ್ಲದೆ, ಹೇಳಿದರೆ ಪಟ ಹೋಗುತ್ತದೆ. ಜೀವಮಾನದಲ್ಲಿ ತಾನು ನೆಟ್ಟಗೆ ಮಾಡಿದ ವಸ್ತು ಅದೊಂದೇ.

ಬಾಗಿಲಲ್ಲಿ ಇಂಜಿನಿಯರು ಬಂದು ನಿಂತಿದ್ದ. ವರ್ಗವಾಗಿ ಬಂದು ಆರು ತಿಂಗಳಾದ ಹುಡುಗಮುಖದವನು. ಎರಡು ದಿನದಿಂದ ಸ್ನಾನವಿಲ್ಲದೆ ಆ ಮುಖಕ್ಕೆ ಈಗ ಸ್ವಲ್ಪ ವಯಸ್ಸು ಬಂದಿತ್ತು.

"ಸಿಕ್ತಾ?"

"ಹುಡುಕ್ತಾ ಇದೀವಿ ಸಾರ್," ಎಂದರು ಅಕ್ಕ.

"ಹುಡುಕ್ತಾ ಇದೀವಿ ಅಂತ ನಾನು ಮೇಲಿನೋರಿಗೆ ಎಷ್ಟು ಸಲ ಹೇಳ್ಲಿ? ಇವತ್ತು ಸಂಜೆ ಐದರೊಳಗೆ ಸಿಗ್ಲಿಲ್ಲ ಅಂದ್ರೆ ನಾನು ಮೆಮೊ ಕೊಡ್ಲೇಬೇಕಾಗುತ್ತೆ. ಹಾಳೆ ನಿಮ್ಮ ಜವಾಬ್ದಾರಿ ಅಲ್ವಾ?"

"ನಂದೇ."

"ರೀ ನಕ್ಷೆಯವ್ರೇ, ನೀವು ಇಲ್ಲೇ ಹಣ್ಣಾದೋರು. ನಿಮಗಾದ್ರೂ ನೆನಪಿಲ್ವಾ, ಆ ವಾಲ್ವ್ ಎಲ್ಲಿದೆ ಅಂತ?"

ಏಣಿಯ ಮೇಲಿನಿಂದ ಇಂಜಿನಿಯರನ ನೆತ್ತಿಯ ಬೋಳು ಕಾಣುತ್ತಿತ್ತು, ಒಂದು ನಾಣ್ಯದಷ್ಟು. ಇವನಿಗೇ ಗೊತ್ತಿರಲಿಕ್ಕಿಲ್ಲ ಎಂದುಕೊಂಡ ನಕ್ಷೆಗಾರ. "ನೆನಪು ಮಾಡ್ಕೋತೀನಿ ಸಾರ್," ಎಂದ.

ಇಂಜಿನಿಯರು ಹೋದ ಮೇಲೆ ಅಕ್ಕ ಹದಿನೆಂಟನೇ ಸುರುಳಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಿದರು, ಮಗು ಆಗಲೇ ನೋಡಿದ ಡಬ್ಬಿಯನ್ನೇ ಮತ್ತೆ ತೆಗೆದು ನೋಡುವ ಹಾಗೆ. "ನಾಲ್ಕು ತಿಂಗಳಿತ್ತು ನಂಗೆ ರಿಟೈರಾಗೋಕೆ. ಒಂದು ಹಾಳೆನೂ ಹೋಗಿಲ್ಲಪ್ಪ ಇಷ್ಟು ವರ್ಷದಲ್ಲಿ. ಗೆದ್ದಲು ತಿಂದಿದ್ದೂ ಬರೆದಿಟ್ಟಿದೀನಿ, ಯಾವುದನ್ನ ಎಷ್ಟು ತಿಂತು ಅಂತ." ಅವರ ದನಿಯಲ್ಲಿ ಅಳು ಇರಲಿಲ್ಲ. ಅಳು ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಸಮಾಧಾನ ಮಾಡಬಹುದಿತ್ತು.

ಊಟದ ಬಿಡುವು ಮುಕ್ಕಾಲು ಗಂಟೆ. ಮನೆ ಕಚೇರಿಯ ಹಿಂದಿನ ಬೀದಿಯಲ್ಲಿ. ಉಪಾಯ ಸರಳವಾಗಿತ್ತು: ಪಟವನ್ನು ಬೀರುವಿನ ಮೇಲಿನಿಂದ ಇಳಿಸಿ, ಗೆರೆಗಳನ್ನು ಒಂದು ಕಾಗದಕ್ಕೆ ಎತ್ತಿಕೊಂಡು, ನೆನಪಾಯಿತು ಎಂದು ಹೇಳುವುದು. ಊರಿಗೆ ನೀರು, ಅಕ್ಕನಿಗೆ ನೆಮ್ಮದಿ, ತನಗೆ ಪಟ. ಯಾರಿಗೂ ನಷ್ಟವಿಲ್ಲದ ಇಂಥ ಸುಳ್ಳು ಸಿಗುವುದೇ ಅಪರೂಪ ಎಂದುಕೊಂಡು ಬಿರಬಿರನೆ ನಡೆದ. ಗಾಳಿ ಬೆನ್ನಿಗೆ ಕೈಯಿಟ್ಟು ನೂಕುತ್ತಿತ್ತು. ಒಣಗಿದ ನಲ್ಲಿಗಳ ಮುಂದೆ ಬಿಂದಿಗೆ ಬಕೇಟುಗಳು ಸಾಲಾಗಿ ಕೂತು ಹರಟೆ ಹೊಡೆಯುತ್ತಿದ್ದಂತಿತ್ತು. ಮನೆಗೆ ಬಂದು ಕುರ್ಚಿ ಹತ್ತಿ ನೋಡಿದರೆ ಬೀರುವಿನ ಮೇಲೆ ಪಟ ಇರಲಿಲ್ಲ. ದಾರದ ಉಂಡೆಯೂ ಇಲ್ಲ. ಒಂದು ಕ್ಷಣ ಅವನಿಗೆ ಕಳವಿನ ದೂರು ಕೊಡಬೇಕೆನಿಸಿತು. ಆಮೇಲೆ, ಕದ್ದದ್ದು ಯಾರಿಂದ ಎಂದು ಬರೆದುಕೊಳ್ಳುವಾಗ ಪೊಲೀಸರಿಗೆ ಆಗುವ ತೊಂದರೆ ನೆನಪಾಗಿ ಕುರ್ಚಿಯಿಂದ ಇಳಿದ. ಅಷ್ಟರಲ್ಲಿ ತಾರಸಿಯಿಂದ ಒಂದು ಸದ್ದು ಕೇಳಿಸಿತು. ಬಿಗಿದ ದಾರ ಗಾಳಿಗೆ ಗುಂಯ್ಗುಡುವ ಸದ್ದು.

ಹೆಂಡತಿ ತಾರಸಿಯ ನಡುವೆ, ಖಾಲಿ ನೀರಿನ ಟ್ಯಾಂಕಿಗೆ ಒರಗಿ, ಎರಡು ಬೆರಳಲ್ಲಿ ದಾರ ಹಿಡಿದು ನಿಂತಿದ್ದಳು. ಅವಳ ಮುಖ ಅವನಿಗೆ ಗುರುತೇ ಸಿಗಲಿಲ್ಲ. ಗಂಡ, ಮನೆ, ನೀರು ಯಾವುದೂ ಆ ಮುಖದಲ್ಲಿರಲಿಲ್ಲ. ಅವನನ್ನು ನೋಡಿದ ಮೇಲೆ ಅವೆಲ್ಲ ಒಂದೊಂದಾಗಿ ವಾಪಸು ಬಂದವು.

"ಇಷ್ಟು ಬೇಗ ಬಂದ್ರಿ? ಊಟಕ್ಕೆ ಡಬ್ಬಿ ಕಟ್ಟಿದ್ನಲ್ಲ."

"ಏನು ಮಾಡ್ತಿದೀಯ?"

"ಕಾಣಲ್ವಾ?"

"ಎಷ್ಟು ದಿನದಿಂದ?"

"ನೀವು ಕಿಟಕಿ ಹಾರಿಸಿದ ಕತೆ ಹೇಳೋಕೆ ಶುರು ಮಾಡಿದಾಗಿಂದ," ಎಂದಳು. ಮುಗುಳ್ನಗೆಯೂ ಇಲ್ಲ. "ದಿನಾ ಮಧ್ಯಾಹ್ನ ಹಾರಿಸ್ತೀನಿ. ನಾಲ್ಕೂವರೆಗೆ ಗಾಳಿ ಬಿದ್ದುಹೋಗುತ್ತೆ. ಅಷ್ಟರಲ್ಲಿ ಇಳಿಸಿ, ಇದ್ದಲ್ಲೇ ಇಟ್ಟುಬಿಡ್ತೀನಿ."

"ಮೊದಲು ಬಲಕ್ಕೆ ವಾಲ್ತಿತ್ತು ಇದು," ಎಂದ, ಏನೋ ಒಂದು ಹೇಳಬೇಕಲ್ಲ ಎಂದು.

"ವಾಲದೇ ಏನ್ರೀ? ಸೂತ್ರ ಕಟ್ಟಿದ್ದೇ ಸೊಟ್ಟ ನೀವು. ಒಂದು ಶನಿವಾರ ನಾನು ಮೇಲಿನ ಗಂಟನ್ನ ಎರಡು ಬೆರಳು ಎಡಕ್ಕೆ ತಂದೆ. ಆಮೇಲೆ ನಿಂತ್ಕೊಳ್ತು." "ನಿಮಗೆ ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ ಹೇಳ್ಲಿಲ್ಲ," ಎಂದಳು.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರಿಗೆ ಸಮಯವಿರಲಿಲ್ಲ; ಅದನ್ನು ಮಡಿಸಿ ಜೇಬಿಗಿಟ್ಟುಕೊಂಡ, ಸಂಜೆ ಬಿಚ್ಚಿ ನೋಡಿದರಾಯಿತೆಂದು. "ಇಳಿಸು, ಅರ್ಜೆಂಟು," ಎಂದ. ಅವಳು ತಲೆಯಾಡಿಸಿದಳು. ಇಷ್ಟು ಗಾಳಿಯಲ್ಲಿ ಎಳೆದರೆ ಬಟ್ಟೆ ಕಡ್ಡಿಯ ಹತ್ತಿರ ಸೀಳಿಹೋಗುತ್ತದೆ, ಗಾಳಿ ಬೀಳುವವರೆಗೆ ಮುಟ್ಟುವ ಹಾಗಿಲ್ಲ. ಅದು ಅವನಿಗೂ ಗೊತ್ತಿದ್ದ ವಿಷಯ. ಅವಳ ಬಾಯಲ್ಲಿ ಕೇಳಿದಾಗ ಮಾತ್ರ ಹೊಸದಾಗಿ ಕೇಳಿದಂತಾಯಿತು. ತಲೆಯೆತ್ತಿ ನೋಡಿದ. ಸೂರ್ಯ ಸರಿಯಾಗಿ ಪಟದ ಹಿಂದಿದ್ದ. ಬಟ್ಟೆ ದೀಪದ ಗಾಜಿನ ಹಾಗೆ ಹೊತ್ತಿಕೊಂಡಿತ್ತು, ಅದರೊಳಗೆ, ಐವತ್ತು ಅಡಿ ಮೇಲೆ, ಕ್ಷೌರದಂಗಡಿಯ ಬೀದಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿದಿತ್ತು. ಅಕ್ಷರಗಳು ಇರುವೆ ಸಾಲಿನಷ್ಟು, ಓದಲಾಗುತ್ತಿರಲಿಲ್ಲ. ಆದರೆ ಪೈಪಿನ ದಪ್ಪ ಗೆರೆ, ಮೂರನೇ ಜೋಡಣೆಯ ಹತ್ತಿರ ಒಂದು ಸೊನ್ನೆ, ಸೊನ್ನೆಯೊಳಗೆ ಗುಣಿಸು ಗುರುತು. ವಾಲ್ವ್! ಬೀದಿಯ ಬಲಗಡೆ. ಜೇಬಿನಲ್ಲಿದ್ದ ನೀರಿನ ಬಿಲ್ಲಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಗೀಚಿಕೊಂಡ. ಆಕಾಶದಿಂದ ನಕ್ಷೆ ಎತ್ತಿದವನು ಇಡೀ ಇಲಾಖೆಯಲ್ಲಿ ತಾನೊಬ್ಬನೇ ಇರಬೇಕು. ಯಾರಿಗೂ ಹೇಳುವ ಹಾಗಿಲ್ಲವಲ್ಲ ಎಂಬ ಸಂಕಟದಲ್ಲಿ ಮೆಟ್ಟಿಲು ಎರಡೆರಡು ಹಾರಿ ಇಳಿದ.

"ನೆನಪಾಯ್ತು ಸಾರ್."

ಇಂಜಿನಿಯರು ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅವನ ಎರಡೂ ಕೈ ಹಿಡಿದುಕೊಂಡ. "ಎಂಥಾ ತಲೆ ರೀ ನಿಮ್ಮದು! ಇಡೀ ಊರೇ ಇದೆಯಲ್ರೀ ಒಳಗೆ!" ಗುಮಾಸ್ತರು ಎದ್ದು ನಿಂತರು. ಅಕ್ಕ ರೆಕಾರ್ಡ್ ರೂಮಿನ ಬಾಗಿಲಿಗೆ ಬಂದು, ಧೂಳು ಮೆತ್ತಿದ ಕೈಯಿಂದಲೇ ಅವನ ಬೆನ್ನು ಸವರಿ, "ನೀನಿದ್ದಿದ್ದು ಪುಣ್ಯ ಕಣಪ್ಪ," ಎಂದರು. ಅವರ ಐದು ಬೆರಳು ಅಂಗಿಯ ಮೇಲೆ ಮೂಡಿದವು. ಬೀದಿಯುದ್ದಕ್ಕೂ ಅದು ಕಾಣುತ್ತದೆಂದು ಅವನಿಗೆ ಗೊತ್ತಿತ್ತು, ಹಿಂದೆ ಬರುತ್ತಿದ್ದವರೆಲ್ಲ ಅದನ್ನೇ ಓದುತ್ತಿದ್ದಾರೆ ಎನ್ನಿಸಿತು.

ಅಗೆತ ಎರಡು ಗಂಟೆಗೆ ಶುರುವಾಯಿತು, ಕ್ಷೌರದಂಗಡಿಯ ಬಾಗಿಲಿಗೆ ನೇರವಾಗಿ. ಮೇಸ್ತ್ರಿ ಅಳತೆಯ ಟೇಪು ಹಿಡಿದು, ಸುಣ್ಣದಲ್ಲಿ ಗುಂಡಗೆ ಗುರುತು ಹಾಕಿ, ನಾಲ್ಕು ಆಳು ಇಳಿಸಿದ. ಮೊಣಕಾಲುದ್ದ ತೋಡಿದರೂ ಕೆಂಪು ಮಣ್ಣೇ. ಸೊಂಟದುದ್ದಕ್ಕೆ ಒಂದು ಹಳೆಯ ಚಪ್ಪಲಿ ಬಂತು. ಎದೆಯುದ್ದಕ್ಕೆ ಅದರ ಜೊತೆಯದು.

"ಜೋಡಿ ಆಯ್ತು ನೋಡಿ ನಕ್ಷೆಯವ್ರೇ," ಎಂದ ಮೇಸ್ತ್ರಿ. "ನಿಮ್ಮ ಸೈಜಾ?"

ಸೇರಿದ್ದ ಜನ ನಕ್ಕರು. ಬೆಟ್ಟ ಅಗೆದು ಇಲಿ ಹಿಡಿದರೂ ಇಲಿಯಾದರೂ ಸಿಕ್ಕಿತಲ್ಲ ಅನ್ನಬಹುದು ಎಂದೊಬ್ಬ ಹೇಳಿದ. ಕ್ಷೌರದವನು ಬಾಗಿಲಲ್ಲಿ ನಿಂತು, "ರೀ, ನನ್ನ ಗಿರಾಕಿಗಳು ಹೇಗ್ರೀ ಬರ್ಬೇಕು, ಹಾರ್ಕೊಂಡಾ?" ಎಂದು ಕೂಗಾಡುತ್ತಿದ್ದ. ಒಳಗೆ ಕುರ್ಚಿಯಲ್ಲಿ ಒಬ್ಬ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಇನ್ನರ್ಧಕ್ಕೆ ನೀರು ಬರಲೆಂದು ಕಾಯುತ್ತಿದ್ದ. ನಕ್ಷೆಗಾರ ಜನರ ಮುಖ ನೋಡಲಾರದೆ ಆ ಕನ್ನಡಿಯನ್ನು ನೋಡುತ್ತಿದ್ದ. ಕನ್ನಡಿಯೊಳಗೆ ಆ ಮನುಷ್ಯನ ನೊರೆ ಎಡಗಡೆ ಕಾಣುತ್ತಿತ್ತು. ಗಲಾಟೆ ಕೇಳಿ ಅವನು ಕುರ್ಚಿಯಲ್ಲೇ ತಿರುಗಿ ಬಾಗಿಲ ಕಡೆ ಮುಖ ಮಾಡಿದ. ನೊರೆ ಬಲಗಡೆಗೆ ಬಂತು.

ನಕ್ಷೆಗಾರನಿಗೆ ಆಗ ಹೊಳೆಯಿತು. ಮಸಿಯ ಮುಖ ಬೆನ್ನ ಕಡೆಗೆ. ತಾನೇ ಹಾಕಿದ್ದು. ತಾನು ಓದಿದ್ದು ನಕ್ಷೆಯ ಬೆನ್ನನ್ನು. ಕೆಲಸಕ್ಕೆ ಸೇರಿದ ಮೊದಲ ವಾರ, ಹಾಳೆ ಮಗುಚಿ ಹಾಕಿಕೊಂಡು ನಕಲು ಎತ್ತಿದ್ದಕ್ಕೆ ಹಳೆಯ ಮುಖ್ಯ ನಕ್ಷೆಗಾರ ಸ್ಕೇಲಿನಿಂದ ಗೆಣ್ಣಿಗೆ ಹೊಡೆದು, "ಅಂಗಿ ತಿರುವಿ ಹಾಕ್ಕೊಂಡ್ರೆ ಜೇಬು ಎಲ್ಲಿ ಬರುತ್ತೋ?" ಎಂದು ಕೇಳಿದ್ದು, ಇಡೀ ಕೋಣೆ ನಕ್ಕಿದ್ದು, ಆ ನಗು ಈಗ ಗುಂಡಿಯ ಸುತ್ತ ನಿಂತವರ ಬಾಯಿಂದ ಮತ್ತೆ ಬರುತ್ತಿತ್ತು. ವಾಲ್ವ್ ಎದುರುಗಡೆ ಇದೆ. ಹೇಳಬೇಕಾದದ್ದು ಅಷ್ಟೇ.

"ಸಾರ್, ಎದುರುಗಡೆ ಅಗೆಸಿ. ಈ ಕಡೆ ಅಲ್ಲ, ಆ ಕಡೆ."

ಇಂಜಿನಿಯರು ಅವನನ್ನು ನೋಡಿದ ನೋಟದಲ್ಲಿ ಮಧ್ಯಾಹ್ನದ ಎರಡೂ ಕೈ ಹಿಡಿದ ಪ್ರೀತಿ ಒಂದು ಚೂರೂ ಉಳಿದಿರಲಿಲ್ಲ. "ಆಮೇಲೆ ಮಧ್ಯದಲ್ಲಿ ಅಂತೀರ. ಆಮೇಲೆ ಕ್ಷೌರದಂಗಡಿ ಒಳಗೆ ಅಂತೀರ. ಸಾಕು ಮಾಡ್ರೀ. ನಿಮ್ಮ ಪಾರಿವಾಳದ ಕತೆ ನಂಬಿದ ಹಾಗೆ ಇದನ್ನೂ ನಂಬಿದೆ ನೋಡಿ, ನನ್ನ ತಪ್ಪು." ಗುಮಾಸ್ತನ ಕಡೆ ತಿರುಗಿದ. "ಅಕ್ಕಂಗೆ ಮೆಮೊ ಟೈಪ್ ಮಾಡ್ರಿ. ಹಾಳೆ ಇಲ್ದೆ ಇನ್ನೊಂದು ಗುದ್ದಲಿ ಬೀಳಬಾರದು."

ಅಕ್ಕ ಜನರ ಹಿಂದೆ ನಿಂತಿದ್ದರು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕಾಗಿ ಮಡಿಸಿದರು, ಎಂಟಾಗಿ ಮಡಿಸಿದರು, ಅದಕ್ಕಿಂತ ಚಿಕ್ಕದಾಗಿ ಮಡಿಸಲು ಬರಲಿಲ್ಲ.

"ಹಾಳೆ ನನ್ನ ಹತ್ರ ಇದೆ ಸಾರ್," ಎಂದ ನಕ್ಷೆಗಾರ. "ಹೋದ ವರ್ಷ ನಾನು ಕದ್ದೆ."

"ಎಲ್ಲಿದೆ?"

ಅವನು ಮೇಲಕ್ಕೆ ಕೈ ತೋರಿಸಿದ.

ಮೊದಲು ನಕ್ಕವನು ಮೇಸ್ತ್ರಿ. ಆಮೇಲೆ ಗುಮಾಸ್ತರು, ಆಮೇಲೆ ಗುಂಡಿಯೊಳಗಿದ್ದ ಆಳುಗಳು. ಅವನು ಮಾತ್ರ ಕೈ ಇಳಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದು ನಿಜ ಹೇಳಿ ಜನ ನಂಬಲೆಂದು ಹೀಗೆ ಕೈಯೆತ್ತಿ ನಿಲ್ಲಬೇಕಾಗಿ ಬಂದದ್ದು ಎಷ್ಟು ಕೆಟ್ಟದಾಗಿತ್ತೆಂದರೆ, ಸುಳ್ಳು ಹೇಳುವವರ ಬಗ್ಗೆ ಅವನಿಗೆ ಹೊಸ ಗೌರವ ಹುಟ್ಟಿತು. ಕೊನೆಗೆ ನೊರೆ ಮುಖದವನು ಹೊರಗೆ ಬಂದು, ತಲೆಯೆತ್ತಿ, "ಅಯ್ಯೋ, ಪಟದಲ್ಲಿ ಗೆರೆ ಇದೆಯಲ್ರೀ!" ಎಂದ. ಒಬ್ಬೊಬ್ಬರಾಗಿ ಎಲ್ಲರೂ ಹಣೆಗೆ ಕೈಯಿಟ್ಟು ನೋಡಿದರು. ಮನೆಗಳ ಸಾಲಿನಾಚೆ, ಹೊಳೆಯುವ ಬಾಗಿಲಿನ ಹಾಗೆ, ಅವರೆಲ್ಲ ನಿಂತಿದ್ದ ಬೀದಿ ಆಕಾಶದಲ್ಲಿ ನಿಂತಿತ್ತು.

ನಗು ನಿಂತಿತು. "ಬೆನ್ನ ಕಡೆಯಿಂದ ಓದ್ಬಿಟ್ಟೆ ಸಾರ್. ಅದಕ್ಕೇ ಎಡ ಬಲ ತಿರುಗಿದೆ," ಎಂದ ನಕ್ಷೆಗಾರ. ಮೇಸ್ತ್ರಿ ಯಾರ ಅಪ್ಪಣೆಗೂ ಕಾಯದೆ ಆಳುಗಳನ್ನು ಎದುರುಗಡೆಗೆ ಕಳಿಸಿದ.

ಅಕ್ಕ ಹತ್ತಿರ ಬಂದರು. ಬೈಯುತ್ತಾರೆಂದು ಅವನು ಕಾದ. ಅವರು ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ, "ಸಹಿ ಹಾಕಿ ತಗೊಂಡು ಹೋಗಿದ್ರೆ ಏನಾಗ್ತಿತ್ತೋ ನಿಂಗೆ?" ಎಂದರು. "ನೀವು ಕೊಡ್ತಿರ್ಲಿಲ್ಲ," ಎಂದ ಅವನು. "ಕೊಡ್ತಿರ್ಲಿಲ್ಲ," ಎಂದು ಒಪ್ಪಿಕೊಂಡರು ಅಕ್ಕ. "ಎರಡು ದಿನ ನನ್ನ ಜೊತೆ ಆ ಧೂಳಲ್ಲಿ ನಿಂತಿದ್ಯಲ್ಲ. ನಂಗೆ ಕೆಮ್ಮು ಬಂದಾಗ ನೀರಿಲ್ಲ ಅಂತ ಅಂಗಡಿಗೆ ಹೋಗಿ ಎಳನೀರು ತಂದ್ಕೊಟ್ಯಲ್ಲ. ಅದನ್ನೆಲ್ಲ ನಾನು ಎಲ್ಲಿ ಇಟ್ಕೊಳ್ಳಿ ಈಗ?" ಅಕ್ಕ ಕಚೇರಿಗೆ ಹೋಗಿ ಹಾಳೆಗಳ ರಿಜಿಸ್ಟರು ತಂದರು. "ನಡಿ, ಎಲ್ಲಿದೆ ಅಂತ ಕಣ್ಣಲ್ಲಿ ನೋಡಿ ಬರ್ಕೋಬೇಕು."

ಇಂಜಿನಿಯರೂ ಹಿಂದೆಯೇ ಬಂದ. ತಾರಸಿಗೆ ಮೂವರೂ ಹತ್ತಿ ಬಂದಾಗ ಹೆಂಡತಿ ದಾರ ಹಿಡಿದೇ ಇದ್ದಳು. ಗಂಡನ ಮುಖ ನೋಡಿ ಅರ್ಧ ತಿಳಿದುಕೊಂಡಳು, ರಿಜಿಸ್ಟರು ನೋಡಿ ಇನ್ನರ್ಧ. ಅಕ್ಕ ತಲೆಯೆತ್ತಿ ಬಹಳ ಹೊತ್ತು ನೋಡಿದರು. ಇಪ್ಪತ್ತೊಂಬತ್ತು ವರ್ಷ ಅವರು ಆ ಹಾಳೆಗಳ ಅಂಚಿನ ನಂಬರಿನಷ್ಟನ್ನೇ ಬಿಚ್ಚಿ ನೋಡಿದವರು. "ಪೂರ್ತಿ ಬಿಚ್ಚಿದ್ರೆ ಇಷ್ಟು ದೊಡ್ಡದಾ ಇದು," ಎಂದರು.

"ಇಳಿಸ್ರೀ," ಎಂದ ಇಂಜಿನಿಯರು.

"ಗಾಳಿ ಬೀಳೋವರೆಗೆ ಆಗಲ್ಲ ಸಾರ್, ಹರಿದುಹೋಗುತ್ತೆ," ಎಂದಳು ಹೆಂಡತಿ. "ನಾಲ್ಕೂವರೆ ಆಗ್ಲಿ."

ಇಂಜಿನಿಯರು ಗಡಿಯಾರ ನೋಡಿದ. ನಾಲ್ಕು. ಟ್ಯಾಂಕಿನ ಕಟ್ಟೆಯ ಮೇಲೆ ಕೂತ. "ಮೆಮೊ ನಿಮಗೆ ಬರುತ್ತೆ, ಗೊತ್ತಾಯ್ತಾ? ಸಣ್ಣದಲ್ಲ, ದೊಡ್ಡದೇ." "ಬರಲಿ ಸಾರ್," ಎಂದ ನಕ್ಷೆಗಾರ. ಕೆಳಗೆ ಬೀದಿಯಿಂದ ಕಬ್ಬಿಣಕ್ಕೆ ಗುದ್ದಲಿ ತಾಗಿದ ಸದ್ದು ಬಂತು, ಅದರ ಹಿಂದೆಯೇ ಮೇಸ್ತ್ರಿಯ ಕೇಕೆ. ಇಂಜಿನಿಯರನ ಭುಜ ಎರಡಂಗುಲ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಕಟ್ಟೆಯ ಪಕ್ಕದ ಪೈಪು ಕೆಮ್ಮಿತು, ಕಫ ಕಟ್ಟಿದ ಮುದುಕನ ಹಾಗೆ ಗೊರಗೊರ ಎಂದಿತು, ಖಾಲಿ ಟ್ಯಾಂಕಿನೊಳಗೆ ನೀರು ಬೀಳತೊಡಗಿತು. ಇಂಜಿನಿಯರು ಪಟ ನೋಡುತ್ತಿದ್ದ.

"ಅಲ್ರೀ, ಇಷ್ಟು ನೆಟ್ಟಗೆ ಹೇಗ್ರೀ ನಿಲ್ಲಿಸಿದ್ರಿ ಅದನ್ನ?"

'ಹಾಳೆ ಕದ್ದೆ' ಎನ್ನುವುದು ಇದರ ಮುಂದೆ ಸುಲಭವಾಗಿತ್ತು. "ನಾನಲ್ಲ ಸಾರ್. ನಾನು ಕಟ್ಟಿದ್ದು ಬೀಳ್ತಿತ್ತು. ನಿಲ್ಲಿಸಿದ್ದು ಇವಳು," ಎಂದ. ಹೆಂಡತಿ ಕೇಳಿಸಲಿಲ್ಲವೆಂಬಂತೆ ಆಕಾಶ ನೋಡಿದಳು. ಆಮೇಲೆ ದಾರವನ್ನು ಅವನ ಕೈಗೆ ದಾಟಿಸಿ, "ಹಿಡ್ಕೊಳ್ಳಿ, ಕೈ ನೋಯ್ತಿದೆ," ಎಂದಳು. ಅವಳ ಕೈ ನೋಯುತ್ತಿರಲಿಲ್ಲ.

ದಾರ ಬೆರಳೊಳಗೆ ಜೀವಂತವಾಗಿ ಎಳೆಯಿತು. ಭಾನುವಾರಗಳಲ್ಲಿ ಪಟ ಬೀಳದಿರಲೆಂದು ನೋಡಿಕೊಳ್ಳುವುದರಲ್ಲೇ ಅವನಿಗೆ ಹೊತ್ತು ಹೋಗುತ್ತಿತ್ತು, ಈ ಎಳೆತವನ್ನು ಗಮನಿಸಿರಲೇ ಇಲ್ಲ. ಇನ್ನು ಕಾಲು ಗಂಟೆ. ಆಮೇಲೆ ಅಂಚಿನ ಅಂಟಿಗೆ ಒದ್ದೆ ಬಟ್ಟೆ ಒತ್ತಿ, ಕಡ್ಡಿ ಬಿಡಿಸಿ, ಬಟ್ಟೆಯನ್ನು ಸುತ್ತಿ ಅಕ್ಕನ ಕೈಗಿಡಬೇಕು. ಅದು ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ ಹೋಗಿ ಕತ್ತಲೆಯಲ್ಲಿ ಕೂರುತ್ತದೆ. ನಾಲ್ಕು ಮಾತಿನಲ್ಲಿ ಕಾಲು ಗಂಟೆ ಮುಗಿಯಿತು. ಪಕ್ಕದ ತಾರಸಿಯಲ್ಲಿ ಒಣಗಹಾಕಿದ್ದ ಬಟ್ಟೆಗಳು ಬಡಿದಾಡುವುದನ್ನು ನಿಲ್ಲಿಸಿದವು. ದಾರ ಬೆರಳಿನಲ್ಲಿ ಸಡಿಲಾಗಿ, ಹೊಟ್ಟೆ ಬಿಟ್ಟು ಜೋತುಬಿತ್ತು. ಪಟ ಮೇಲೆ ಒಮ್ಮೆ ತೂಗಿ, ತಲೆ ಅಲ್ಲಾಡಿಸಿತು.

"ಬಿತ್ತಲ್ವಾ ಗಾಳಿ?" ಎಂದ ಇಂಜಿನಿಯರು.

"ಇಲ್ಲ ಸಾರ್," ಎಂದ ನಕ್ಷೆಗಾರ. "ಇನ್ನೂ ಇದೆ."

ಇಂಜಿನಿಯರು ನಕ್ಷೆಗಾರನ ಹೆಂಡತಿಯ ಮುಖ ನೋಡಿದ. ಅವಳು ಜೋತುಬಿದ್ದ ದಾರವನ್ನು ನೋಡಿದಳು, ಅಲುಗದ ಬಟ್ಟೆಗಳನ್ನು ನೋಡಿದಳು, ಗಂಡನನ್ನು ನೋಡಿದಳು.

"ಇದೆ ಸಾರ್," ಎಂದಳು. "ಜೋರಾಗೇ ಇದೆ."

ಇಂಜಿನಿಯರು ಕೊನೆಗೆ ಅಕ್ಕನ ಕಡೆ ತಿರುಗಿದ. ಅಕ್ಕ ಮೊಣಕಾಲ ಮೇಲೆ ರಿಜಿಸ್ಟರು ತೆರೆದಿಟ್ಟುಕೊಂಡು ಕೂತಿದ್ದರು. ಅವರು, ಒಂದಿಷ್ಟೂ ಮಿಸುಕದಿದ್ದ ಅದರ ಹಾಳೆಗಳು ಗಾಳಿಗೆ ಹಾರಿಹೋಗದಂತೆ ಎರಡೂ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡರು.